ಟಾರ್ಚ್ ಬೆಳಕಿಗೆ ನೀರು ಹೊಳೆಯಲಿಲ್ಲ ಅಂದರೆ ಬ್ಯಾಕ್ಟೀರಿಯಾ ಇಲ್ಲವೇ? 'ನ್ಯಾನೊ ಸೆನ್ಸರ್' ಫಾರ್ವರ್ಡ್‌ಗಳ ಹಿಂದಿನ ವಿಜ್ಞಾನ

ನಿಮ್ಮ ಫ್ಯಾಮಿಲಿ ಗ್ರೂಪಿಗೂ ಈ ವಿಡಿಯೋ ಬಂದಿರಬಹುದು. ಕತ್ತಲೆ ಕೋಣೆ, ನೇರಳೆ ಬಣ್ಣದ ಟಾರ್ಚ್, ಅದರ ಬೆಳಕಿನಲ್ಲಿ ಮಿಣಮಿಣ ಹೊಳೆಯುವ ಕೈಗಳು. ಆಮೇಲೆ ಒಂದು ಲೋಟ ನೀರು, ಅದರಲ್ಲಿ ಹಸಿರು ಚುಕ್ಕೆಗಳು. ಹಿನ್ನೆಲೆಯಲ್ಲಿ ಗಂಭೀರ ದನಿ: ಇದು ನ್ಯಾನೊ ತಂತ್ರಜ್ಞಾನ, ನೀರಿನಲ್ಲಿರುವ ಬ್ಯಾಕ್ಟೀರಿಯಾವನ್ನು ಕೆಲವೇ ಸೆಕೆಂಡುಗಳಲ್ಲಿ ನಿಮ್ಮ ಮೊಬೈಲೇ ಹಿಡಿದುಕೊಡುತ್ತದೆ, ಹತ್ತು ಜನರಿಗೆ ಕಳುಹಿಸಿ.

ನಮ್ಮ ತಂಡದ ಒಬ್ಬರ ದೊಡ್ಡಮ್ಮ ತಿಪಟೂರಿನ ಹತ್ತಿರದ ಹಳ್ಳಿಯೊಂದರಲ್ಲಿದ್ದಾರೆ. ಅವರು ವಿಡಿಯೋ ನೋಡಿ ಸುಮ್ಮನೆ ಕೂರಲಿಲ್ಲ. ಮಗನ ಕೈಯಲ್ಲಿ ಆನ್‌ಲೈನ್‌ನಿಂದ ಅಂಥದ್ದೇ ಟಾರ್ಚ್ ತರಿಸಿ, ರಾತ್ರಿ ದೀಪ ಆರಿಸಿ, ಸಂಪಿನಿಂದ ತೆಗೆದ ನೀರಿನ ಚೊಂಬಿನೊಳಕ್ಕೆ ಬಿಟ್ಟು ನೋಡಿದರು. ಮರುದಿನ ಫೋನ್ ಮಾಡಿ ಕೇಳಿದ್ದು ಇಷ್ಟು: "ಏನೂ ಹೊಳೀಲಿಲ್ಲ ಕಣಮ್ಮ. ಹಂಗಾದ್ರೆ ಇನ್ಮೇಲೆ ನೀರು ಕಾಯಿಸೋದು ಬ್ಯಾಡ್ವಾ?"

ಆ ಮನೆಯಲ್ಲಿ ಎಂಟು ತಿಂಗಳ ಮೊಮ್ಮಗು ಇದೆ. ಹಾಗಾಗಿ ಪ್ರಶ್ನೆಯನ್ನು ನಕ್ಕು ಬಿಡುವಂತಿರಲಿಲ್ಲ. ಇಂಥ ಫಾರ್ವರ್ಡ್‌ಗಳನ್ನು ನೋಡಿ ಯಾರಾದರೂ ಸುಮ್ಮನೆ ಹೆದರಿಕೊಂಡರೆ ಹೆಚ್ಚು ನಷ್ಟವಿಲ್ಲ, ಒಂದು ಪಾತ್ರೆ ನೀರು ಹೆಚ್ಚು ಕಾಯಿಸುತ್ತಾರೆ. ಸುಮ್ಮನೆ ಧೈರ್ಯ ತಂದುಕೊಂಡರೆ ಮಾತ್ರ ತೊಂದರೆ. ಕಲುಷಿತ ನೀರು ಏನು ಮಾಡಬಲ್ಲದು ಎಂಬುದನ್ನು 2023ರ ಆಗಸ್ಟ್ ಮೊದಲ ವಾರ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಂಡಿದ್ದೇವೆ. ನಲ್ಲಿ ನೀರು ಕುಡಿದವರು ವಾಂತಿ-ಭೇದಿಯಿಂದ ಸಾಲುಸಾಲಾಗಿ ಆಸ್ಪತ್ರೆ ಸೇರಿದರು, ಸಾವುಗಳೂ ಆದವು.

ಮೊದಲೇ ಹೇಳಿಬಿಡುತ್ತೇವೆ: ವಿಡಿಯೋ ಪೂರ್ತಿ ಕಟ್ಟುಕಥೆಯಲ್ಲ. ಹೊಳೆಯುವ ನ್ಯಾನೊ ಕಣಗಳಿಂದ ಬ್ಯಾಕ್ಟೀರಿಯಾ ಪತ್ತೆ ಮಾಡುವ ವಿಜ್ಞಾನ ನಿಜಕ್ಕೂ ಇದೆ, ಮೊಬೈಲ್ ಬಳಸಿ ಮಾಡಿದ ಪ್ರಯೋಗವೂ ಇದೆ. ಆದರೆ ದೊಡ್ಡಮ್ಮನ ಟಾರ್ಚಿಗೂ ಆ ವಿಜ್ಞಾನಕ್ಕೂ ನಡುವೆ ಬಹಳ ದೂರವಿದೆ. ಆ ದೂರ ಎಷ್ಟು, ಎಲ್ಲಿ ಅನ್ನುವುದೇ ಈ ಲೇಖನ.

ಟಾರ್ಚ್ ಹಿಡಿದು ನಾವೂ ನೋಡಿದೆವು

ಅಂಥದ್ದೇ ಒಂದು ಟಾರ್ಚ್ ತಂದು (395 ನ್ಯಾನೊಮೀಟರ್ ಎಂದು ಮೇಲೆ ಬರೆದಿತ್ತು) ಅಡುಗೆಮನೆಯಲ್ಲಿ ಸಿಕ್ಕಿದ್ದರ ಮೇಲೆಲ್ಲ ಬಿಟ್ಟೆವು. ಅರಿಶಿನ ಕದಡಿದ ನೀರು ಹಳದಿ-ಹಸಿರಾಗಿ ಜಗ್ಗನೆ ಹೊಳೆಯಿತು. ಟಾನಿಕ್ ವಾಟರ್ ಮಂದ ನೀಲಿ. ಪಾಲಕ್ ಸೊಪ್ಪನ್ನು ಜಜ್ಜಿ ಸ್ಯಾನಿಟೈಸರ್‌ನಲ್ಲಿ ನೆನೆಸಿ ಸೋಸಿದರೆ, ಹಸಿರು ರಸ ರಕ್ತದಂತೆ ಕೆಂಪಗೆ ಕಾಣುತ್ತದೆ. ಇದನ್ನು ಒಮ್ಮೆಯಾದರೂ ನೋಡಬೇಕು. ಸೋಪಿನ ಪುಡಿಯಲ್ಲಿ ಒಗೆದ ಬಿಳಿ ಅಂಗಿ ಟ್ಯೂಬ್‌ಲೈಟಿನಂತೆ ಬೆಳಗಿತು. ನೋಟಿನ ಮೇಲಿನ ನಂಬರ್‌ಗಳು ಹೊಳೆದವು.

ಇವುಗಳಲ್ಲಿ ಯಾವುದೂ ಬ್ಯಾಕ್ಟೀರಿಯಾ ಅಲ್ಲ. ಅರಿಶಿನದಲ್ಲಿ ಕರ್ಕ್ಯುಮಿನ್, ಟಾನಿಕ್ ವಾಟರ್‌ನಲ್ಲಿ ಕ್ವಿನೈನ್, ಸೊಪ್ಪಿನಲ್ಲಿ ಕ್ಲೋರೊಫಿಲ್ ಇದೆ. ಬಟ್ಟೆಗೆ ಹೊಳಪು ಬರಲೆಂದೇ ಸೋಪಿನ ಪುಡಿಗೆ ಬೆರೆಸುವ ರಾಸಾಯನಿಕಗಳಿವೆ. ಇವೆಲ್ಲ ಕಣ್ಣಿಗೆ ಸರಿಯಾಗಿ ಕಾಣದ ನೇರಳಾತೀತ ಬೆಳಕನ್ನು ಹೀರಿ, ಕಣ್ಣಿಗೆ ಕಾಣುವ ಬೇರೊಂದು ಬಣ್ಣದಲ್ಲಿ ವಾಪಸ್ ಉಗುಳುತ್ತವೆ. ಈ ಗುಣಕ್ಕೆ ಫ್ಲೋರೊಸೆನ್ಸ್ ಎಂದು ಹೆಸರು, ಕನ್ನಡದ ಪಠ್ಯಪುಸ್ತಕಗಳು ಪ್ರತಿದೀಪ್ತಿ ಎನ್ನುತ್ತವೆ.

ಹಾಗಾದರೆ ಬ್ಯಾಕ್ಟೀರಿಯಾ? ಒಂದು ಬಟ್ಟಲು ಹಾಲು, ಪಕ್ಕದಲ್ಲಿ ಒಂದು ಬಟ್ಟಲು ಮೊಸರು ಇಟ್ಟೆವು. ಮೊಸರಿನ ಒಂದೊಂದು ಚಮಚದಲ್ಲೂ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರುತ್ತವೆ, ಹಾಲನ್ನು ಮೊಸರು ಮಾಡುವುದೇ ಅವು. ಬ್ಯಾಕ್ಟೀರಿಯಾ ಟಾರ್ಚಿಗೆ ಹೊಳೆಯುವುದಾಗಿದ್ದರೆ ಮೊಸರಿನ ಬಟ್ಟಲು ದೀಪಾವಳಿ ಮಾಡಬೇಕಿತ್ತು. ಎರಡೂ ಹೆಚ್ಚುಕಡಿಮೆ ಒಂದೇ ಥರ ಮಂಕಾಗಿ ಕಂಡವು. ಮೊಸರಿನ ಮೇಲೆ ನಿಂತ ತಿಳಿನೀರಿನಲ್ಲಿ ಕಂಡ ತುಸು ಹಸಿರು ಛಾಯೆ ಕೂಡ ಬ್ಯಾಕ್ಟೀರಿಯಾದ್ದಲ್ಲ, ಹಾಲಿನಲ್ಲಿರುವ ರೈಬೊಫ್ಲಾವಿನ್ ಎಂಬ ವಿಟಮಿನ್ನಿನದು.

ಅಪವಾದಗಳಿವೆ. ಸ್ಯೂಡೊಮೊನಾಸ್ ಜಾತಿಯ ಕೆಲವು ಬ್ಯಾಕ್ಟೀರಿಯಾ ಹಸಿರು-ಹಳದಿಯಾಗಿ ಹೊಳೆಯುವ ವಸ್ತುವನ್ನು ತಯಾರಿಸುತ್ತವೆ. ತೊಡೆಸಂದು, ಕಂಕುಳಲ್ಲಿ ಬರುವ ಒಂದು ಚರ್ಮದ ಸೋಂಕು ಚರ್ಮವೈದ್ಯರ ದೀಪದಡಿ ಹವಳದ ಕೆಂಪಿಗೆ ತಿರುಗುತ್ತದೆ. ಆದರೆ ಮನೆಯ ನೀರಿನ ವಿಷಯದಲ್ಲಿ ನಾವು ಹೆದರುವುದು ಇ. ಕೋಲಿ, ಕಾಲರಾ, ಟೈಫಾಯ್ಡ್ ತರುವಂಥವಕ್ಕೆ. ಅವು ಟಾರ್ಚ್ ಬೆಳಕಿಗೆ ಕಣ್ಣಿಗೆ ಕಾಣುವಂತೆ ಹೊಳೆಯುವುದಿಲ್ಲ. ನೀರು ಹೊಳೆದರೆ ಅದರಲ್ಲಿ ಸೋಪು ಬೆರೆತಿರಬಹುದು. ಚರಂಡಿ ನೀರು ಎಲ್ಲಿಂದಾದರೂ ಸೋರುತ್ತಿದೆಯೇ ಎಂದು ಪತ್ತೆ ಮಾಡಲು ಸೋಪಿನ ಈ ಹೊಳಪನ್ನು ತಜ್ಞರು ನಿಜಕ್ಕೂ ಬಳಸುತ್ತಾರೆ, ಅವರ ಬಳಿ ಅದಕ್ಕೆಂದೇ ಉಪಕರಣವಿರುತ್ತದೆ. ಆದರೆ ನೀರು ಹೊಳೆಯದಿದ್ದರೆ ಅದರಿಂದ ನಮಗೆ ತಿಳಿಯುವುದು ಶೂನ್ಯ.

ಇನ್ನು ವಿಡಿಯೋದ ಹೊಳೆಯುವ ಕೈಗಳು. ಅದು ಕೈ ತೊಳೆಯುವ ತರಬೇತಿಯ ದೃಶ್ಯ. ಆಸ್ಪತ್ರೆ, ಶಾಲೆಗಳಲ್ಲಿ ಹೊಳೆಯುವ ಪುಡಿಯೊಂದನ್ನು ಕೈಗೆ ಹಚ್ಚಿ, ತೊಳೆದ ಮೇಲೆ ಎಲ್ಲೆಲ್ಲಿ ಉಳಿದಿದೆ ಎಂದು ತೋರಿಸುತ್ತಾರೆ. ಪುಡಿ ಅಲ್ಲಿ ರೋಗಾಣುವಿನ ವೇಷ ಹಾಕಿರುತ್ತದೆ, ಅಷ್ಟೇ. (ಈ ಟಾರ್ಚನ್ನು ಯಾರ ಕಣ್ಣಿಗೂ ಬಿಡಬೇಡಿ, ಮಕ್ಕಳ ಕೈಗೂ ಕೊಡಬೇಡಿ. ಅದರ ಬೆಳಕು ಕಣ್ಣಿಗೆ ಮಂದವಾಗಿ ಕಂಡರೂ ಒಳಗೆ ಹೋಗುವುದು ಮಂದವಲ್ಲ.)

ಹೊಳೆಯುವುದು ಕಣ, ಹಿಡಿಯುವುದು ಕೊಕ್ಕೆ

ನಿಜವಾದ ನ್ಯಾನೊ ಸೆನ್ಸರ್‌ನಲ್ಲಿ ಬ್ಯಾಕ್ಟೀರಿಯಾ ಹೊಳೆಯುವುದಿಲ್ಲ. ಹೊಳೆಯುವ ಕಣವನ್ನು ನಾವೇ ತಂದು ಅದಕ್ಕೆ ಅಂಟಿಸಬೇಕು.

ಆ ಕಣ ಎಷ್ಟು ಸಣ್ಣದು? ಇ. ಕೋಲಿಯ ಉದ್ದ ಸುಮಾರು 2 ಮೈಕ್ರೊಮೀಟರ್, ಅಂದರೆ 2,000 ನ್ಯಾನೊಮೀಟರ್. ಕ್ವಾಂಟಮ್ ಡಾಟ್ ಎಂಬ ಹೊಳೆಯುವ ಕಣ 2ರಿಂದ 10 ನ್ಯಾನೊಮೀಟರ್. ಇ. ಕೋಲಿಯನ್ನು ಹಿಗ್ಗಿಸಿ ಎಮ್ಮೆಯಷ್ಟು ಮಾಡಿದರೆ, ಈ ಕಣ ಅದರ ಮೈಗೆ ಕಚ್ಚಿಕೊಂಡ ಉಣ್ಣೆಯಷ್ಟಾಗುತ್ತದೆ. ಸಾವಿರಾರು ಕಣಗಳು ಒಂದೇ ಬ್ಯಾಕ್ಟೀರಿಯಾಕ್ಕೆ ಮುತ್ತಿಕೊಂಡರೆ, ಅಷ್ಟು ಸಣ್ಣ ಜೀವಿಯೂ ಉಪಕರಣದ ಕಣ್ಣಿಗೆ ಬೀಳುವಷ್ಟು ಬೆಳಗುತ್ತದೆ. ಕ್ವಾಂಟಮ್ ಡಾಟ್‌ಗಳ ವಿಶೇಷವೆಂದರೆ ಒಂದೇ ವಸ್ತುವಿನಿಂದ ಮಾಡಿದರೂ ಗಾತ್ರ ಬದಲಾದಂತೆ ಬಣ್ಣ ಬದಲಾಗುತ್ತದೆ. ಸಣ್ಣವು ನೀಲಿಯತ್ತ, ದೊಡ್ಡವು ಕೆಂಪಿನತ್ತ. ಇವುಗಳ ಶೋಧ ಮತ್ತು ತಯಾರಿಕೆಗಾಗಿ ಮೌಂಗಿ ಬವೆಂಡಿ, ಲೂಯಿ ಬ್ರೂಸ್, ಅಲೆಕ್ಸಿ ಎಕಿಮೊವ್ ಅವರಿಗೆ 2023ರ ರಸಾಯನಶಾಸ್ತ್ರದ ನೊಬೆಲ್ ಬಂತು. ಇವುಗಳ ಅಗ್ಗದ ತಮ್ಮಂದಿರಂತೆ ಕಾರ್ಬನ್ ಡಾಟ್‌ಗಳಿವೆ. 2004ರಲ್ಲಿ ಕಾರ್ಬನ್ ನ್ಯಾನೊ ಕೊಳವೆಗಳನ್ನು ಶುದ್ಧ ಮಾಡುತ್ತಿದ್ದವರಿಗೆ ಆಕಸ್ಮಿಕವಾಗಿ ಕಂಡಂಥವು. ಸಿಟ್ರಿಕ್ ಆಮ್ಲ ಮತ್ತು ಯೂರಿಯಾವನ್ನು ಬಿಸಿ ಮಾಡಿ ಇವುಗಳನ್ನು ತಯಾರಿಸುತ್ತಾರೆ, ನಿಂಬೆರಸದಿಂದಲೂ ಮಾಡಿದವರಿದ್ದಾರೆ.

ಫಾರ್ವರ್ಡ್‌ಗಳು ಇಲ್ಲಿಗೇ ನಿಲ್ಲುತ್ತವೆ: ನ್ಯಾನೊ, ನೊಬೆಲ್, ಹೊಳಪು. ಅಸಲಿ ಪ್ರಶ್ನೆ ಇರುವುದು ಇದರ ಮುಂದೆ. ಈ ಕಣ ಬ್ಯಾಕ್ಟೀರಿಯಾಕ್ಕೇ ಏಕೆ ಅಂಟಬೇಕು? ನೀರಿನ ಮಣ್ಣಿಗೆ, ಪಾಚಿಗೆ, ಲೋಟದ ಗೋಡೆಗೆ ಏಕೆ ಅಂಟಬಾರದು?

ಅದಕ್ಕಾಗಿ ಕಣಕ್ಕೊಂದು ಕೊಕ್ಕೆ ಕಟ್ಟಬೇಕು. ಕೊಕ್ಕೆ ಪ್ರತಿಕಾಯವಾಗಿರಬಹುದು. ಸೋಂಕು ತಗುಲಿದಾಗ ನಮ್ಮ ದೇಹ ರೋಗಾಣುವನ್ನು ಗುರುತು ಹಿಡಿಯಲು ತಯಾರಿಸುತ್ತದಲ್ಲ, ಅದೇ ಬಗೆಯ ಪ್ರೋಟೀನ್. ಮ್ಯಾನೋಸ್ ಎಂಬ ಸಕ್ಕರೆಯೂ ಆಗಬಹುದು, ಏಕೆಂದರೆ ಇ. ಕೋಲಿ ತನ್ನ ಕೂದಲಿನಂಥ ಎಳೆಗಳ ತುದಿಯಿಂದ ಆ ಸಕ್ಕರೆಯನ್ನು ಹಿಡಿದುಕೊಳ್ಳುತ್ತದೆ. ವ್ಯಾಂಕೊಮೈಸಿನ್ ಎಂಬ ಆ್ಯಂಟಿಬಯಾಟಿಕ್ಕನ್ನೇ ಕೊಕ್ಕೆ ಮಾಡಿಕೊಂಡವರಿದ್ದಾರೆ, ಅದು ಗ್ರಾಂ-ಪಾಸಿಟಿವ್ ಗುಂಪಿನ ಬ್ಯಾಕ್ಟೀರಿಯಾಗಳ ಗೋಡೆಗೆ ಅಂಟುತ್ತದೆ. ಕೊಕ್ಕೆಯೇ ಇಲ್ಲದೆ, ಕಣಕ್ಕೆ ಧನ ವಿದ್ಯುದಂಶ ಕೊಟ್ಟು ಬಿಟ್ಟರೂ ಬ್ಯಾಕ್ಟೀರಿಯಾಕ್ಕೆ ಅಂಟುತ್ತದೆ, ಏಕೆಂದರೆ ಅವುಗಳ ಮೈ ಸಾಮಾನ್ಯವಾಗಿ ಋಣ ವಿದ್ಯುದಂಶದ್ದು. ಆದರೆ ಹಾಗೆ ಬಿಟ್ಟ ಕಣ ಒಳ್ಳೆಯದು-ಕೆಟ್ಟದ್ದು ನೋಡುವುದಿಲ್ಲ. ಸಿಕ್ಕಿದ ಬ್ಯಾಕ್ಟೀರಿಯಾಕ್ಕೆಲ್ಲ, ಋಣ ವಿದ್ಯುದಂಶವಿರುವ ಮಣ್ಣಿನ ಕಣಕ್ಕೂ ಅಂಟುತ್ತದೆ.

ಅಂದರೆ ಸೆನ್ಸರ್ ಎಷ್ಟು ನಂಬಿಕಸ್ಥ ಎಂಬುದನ್ನು ಅದರ ಕೊಕ್ಕೆ ನಿರ್ಧರಿಸುತ್ತದೆ, ಹೊಳಪಲ್ಲ. ಮದುವೆ ಮನೆಯಲ್ಲಿ ಟಾರ್ಚ್ ಹಿಡಿದವನಿಗೆ ಎಲ್ಲರ ಮುಖವೂ ಕಾಣುತ್ತದೆ, ಕಳ್ಳ ಯಾರೆಂದು ಹೇಳಲು ಕಳ್ಳನ ಗುರುತು ಬಲ್ಲವನೇ ಬೇಕು.

ಕೊಕ್ಕೆಗೆ ಎಷ್ಟು ಬೆಲೆ ಎನ್ನುವುದಕ್ಕೆ ಒಂದು ಉದಾಹರಣೆ. ಹೊಳಪಿನಿಂದ ಇ. ಕೋಲಿ ಹಿಡಿಯುವ ಪರೀಕ್ಷೆ ನೀರಿನ ಲ್ಯಾಬ್‌ಗಳಲ್ಲಿ ಹಲವು ವರ್ಷಗಳಿಂದ ಇದೆ, ಅದರಲ್ಲಿ ನ್ಯಾನೊ ಏನೂ ಇಲ್ಲ. 100 ಮಿಲಿ ನೀರಿಗೆ ಒಂದು ಪುಡಿ ಬೆರೆಸಿ, ಸುಮಾರು 35 ಡಿಗ್ರಿ ಬೆಚ್ಚಗಿನ ಪೆಟ್ಟಿಗೆಯಲ್ಲಿ ಒಂದು ದಿನ ಇಡುತ್ತಾರೆ. ಇ. ಕೋಲಿ ಇದ್ದರೆ ಅದರೊಳಗಿನ ಒಂದು ಕಿಣ್ವ ಪುಡಿಯಲ್ಲಿರುವ ವಸ್ತುವನ್ನು ಕತ್ತರಿಸುತ್ತದೆ, ಕತ್ತರಿಸಿದ ತುಂಡು ಯುವಿ ದೀಪದಡಿ ನೀಲಿಯಾಗಿ ಹೊಳೆಯುತ್ತದೆ. ಬಹುಪಾಲು ಇ. ಕೋಲಿಗಳಲ್ಲಿ ಈ ಕಿಣ್ವ ಇದೆ. ಆದರೆ ಅದೇ ಕುಟುಂಬದ ಅತಿ ಅಪಾಯಕಾರಿ ಸದಸ್ಯ, ಒ157:ಎಚ್7 ಎಂಬ ತಳಿಯಲ್ಲಿ ಸಾಮಾನ್ಯವಾಗಿ ಈ ಕಿಣ್ವ ಕೆಲಸ ಮಾಡುವುದಿಲ್ಲ, ಹಾಗಾಗಿ ಅದು ಹೊಳೆಯದೆ ತಪ್ಪಿಸಿಕೊಳ್ಳುತ್ತದೆ! 1993ರಲ್ಲಿ ಅಮೆರಿಕದಲ್ಲಿ ಸರಿಯಾಗಿ ಬೇಯದ ಹ್ಯಾಂಬರ್ಗರ್ ತಿಂದು 700ಕ್ಕೂ ಹೆಚ್ಚು ಜನ ಅಸ್ವಸ್ಥರಾಗಿ ನಾಲ್ವರು ಮಕ್ಕಳು ತೀರಿಕೊಂಡಿದ್ದು ಇದೇ ತಳಿಯಿಂದ.

ಅದನ್ನೇ ಹಿಡಿಯಲು ಫ್ಲೋರಿಡಾ ವಿಶ್ವವಿದ್ಯಾಲಯದ ವೈಹಾಂಗ್ ಟಾನ್ ಅವರ ತಂಡ 2004ರಲ್ಲಿ ನ್ಯಾನೊ ದಾರಿ ಹಿಡಿಯಿತು. ಸಿಲಿಕಾದ, ಅಂದರೆ ಮರಳಿನ ಮೂಲವಸ್ತುವಿನ, ಪುಟ್ಟ ಗೋಲಿಗಳೊಳಗೆ ಸಾವಿರಾರು ಹೊಳೆಯುವ ಬಣ್ಣದ ಅಣುಗಳನ್ನು ತುಂಬಿ, ಹೊರಗೆ ಒ157:ಎಚ್7ನ್ನು ಗುರುತಿಸುವ ಪ್ರತಿಕಾಯ ಅಂಟಿಸಿದರು. ಕೊಚ್ಚಿದ ಮಾಂಸದ ಮಾದರಿಯಲ್ಲಿ ಒಂದೇ ಒಂದು ಬ್ಯಾಕ್ಟೀರಿಯಾವನ್ನೂ 20 ನಿಮಿಷದೊಳಗೆ ಪತ್ತೆ ಮಾಡಬಹುದೆಂದು ತೋರಿಸಿದರು. ಇದು ಸಣ್ಣ ಸಾಧನೆಯಲ್ಲ. ದಿನಗಟ್ಟಲೆ ಕಾಯುವ ಕೆಲಸ 20 ನಿಮಿಷಕ್ಕೆ ಬಂದರೆ ಎಷ್ಟು ಪ್ರಾಣ ಉಳಿಯುತ್ತದೆ ಎಂದು ಯಾರಾದರೂ ಊಹಿಸಬಹುದು. 20 ವರ್ಷ ದಾಟಿದರೂ ಅದು ನಮ್ಮ ಅಡುಗೆಮನೆಗೆ ಏಕೆ ಬಂದಿಲ್ಲ?

ಮೊಬೈಲ್‌ನಲ್ಲಿ ಹಿಡಿದದ್ದು ನಿಜ. ಆದರೆ ಲೆಕ್ಕ ಹಾಕಿ ನೋಡಿ

ಉತ್ತರಕ್ಕೆ ಮೊಬೈಲ್ ಪ್ರಯೋಗವನ್ನೇ ನೋಡೋಣ. 2012ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲಿಸ್ ಶಾಖೆಯಲ್ಲಿ ಐಡೊಗಾನ್ ಓಜ್ಜಾನ್ ಅವರ ತಂಡ ಮೊಬೈಲ್ ಫೋನಿನ ಕ್ಯಾಮೆರಾಕ್ಕೆ ಒಂದು ಪುಟ್ಟ ಜೋಡಣೆ ಮಾಡಿತು. ಅದರಲ್ಲಿ ಬ್ಯಾಟರಿಯ ಎಲ್‌ಇಡಿ ದೀಪಗಳು, ಒಂದು ಲೆನ್ಸ್, ಸಪೂರ ಗಾಜಿನ ನಳಿಕೆಗಳು. ನಳಿಕೆಯ ಒಳಗೋಡೆಗೆ ಪ್ರತಿಕಾಯ ಬಳಿದಿರುತ್ತಾರೆ. ಮಾದರಿಯನ್ನು ಹಾಯಿಸಿದರೆ ಇ. ಕೋಲಿ ಗೋಡೆಗೆ ಸಿಕ್ಕಿಕೊಳ್ಳುತ್ತದೆ, ಆಮೇಲೆ ಹಾಯಿಸಿದ ಕ್ವಾಂಟಮ್ ಡಾಟ್ ಅದರ ಮೈಗೆ ಅಂಟುತ್ತದೆ, ಫೋನಿನ ಕ್ಯಾಮೆರಾ ಆ ಹೊಳಪಿನ ಫೋಟೊ ತೆಗೆಯುತ್ತದೆ. ಫೋನಿನ ಪಾತ್ರ ಇಲ್ಲಿ ಫೋಟೊಗ್ರಾಫರ್‌ನದು ಮಾತ್ರ. ಪ್ರತಿಕಾಯ, ನಳಿಕೆ, ಡಾಟ್ ಇಲ್ಲದೆ ಬರೀ ಆ್ಯಪ್ ಡೌನ್‌ಲೋಡ್ ಮಾಡಿಕೊಂಡರೆ ನೀರಿನ ಚೆಂದದ ಫೋಟೊ ಬರುತ್ತದೆ, ಅಷ್ಟೇ.

ಅವರ ಸಾಧನ ಗುರುತಿಸಬಲ್ಲ ಕನಿಷ್ಠ ಪ್ರಮಾಣ: ಒಂದು ಮಿಲಿ ದ್ರವದಲ್ಲಿ 5ರಿಂದ 10 ಬ್ಯಾಕ್ಟೀರಿಯಾ. ಓದಿದ ಕೂಡಲೇ ಅಬ್ಬಾ ಅನ್ನಿಸುತ್ತದೆ. ಸಂಶೋಧನೆಯ ಲೋಕದಲ್ಲಿ ಅದು ನಿಜಕ್ಕೂ ಒಳ್ಳೆಯ ಅಂಕಿ.

ಈಗ ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ, ಐಎಸ್ 10500, ಏನು ಹೇಳುತ್ತದೆ ನೋಡಿ: 100 ಮಿಲಿ ನೀರಿನಲ್ಲಿ ಇ. ಕೋಲಿ ಪತ್ತೆಯಾಗಲೇಬಾರದು. ಒಂದೂ ಇಲ್ಲ. ಮಿಲಿಗೆ 5ರಿಂದ 10 ಅಂದರೆ 100 ಮಿಲಿಗೆ 500ರಿಂದ 1,000. ನಿಮ್ಮ ನಲ್ಲಿ ನೀರಿನ 100 ಮಿಲಿಯಲ್ಲಿ 300 ಇ. ಕೋಲಿ ಇದೆ ಎಂದುಕೊಳ್ಳಿ. ಮಾನದಂಡದ ಪ್ರಕಾರ ಅದು ಕುಡಿಯಬಾರದ ನೀರು, 200 ಮಿಲಿಯ ಒಂದು ಲೋಟದಲ್ಲಿ 600 ಇ. ಕೋಲಿ ಹೊಟ್ಟೆಗೆ ಹೋಗುತ್ತದೆ. ಸೆನ್ಸರ್ ಲೆಕ್ಕದಲ್ಲಿ ಅದು ಮಿಲಿಗೆ ಮೂರು, ಅಂದರೆ ಅದರ ಕಣ್ಣಿಗೆ ಬೀಳುವ ಮಟ್ಟಕ್ಕಿಂತ ಕೆಳಗೆ. ಪರದೆ ಮೇಲೆ ಬರುವ ಉತ್ತರ: ಇಲ್ಲ.

ಸೆನ್ಸರ್ ಇನ್ನೂ ಸೂಕ್ಷ್ಮವಾದರೆ ಸರಿಹೋಗುತ್ತದೆಯೇ? ಎಂದೂ ತಪ್ಪದ ಒಂದು ಸೆನ್ಸರ್ ನಿಮ್ಮ ಕೈಗೆ ಕೊಟ್ಟೆವು ಎಂದುಕೊಳ್ಳಿ. ಒಂದೇ ಬ್ಯಾಕ್ಟೀರಿಯಾ ಇದ್ದರೂ ಹಿಡಿಯುತ್ತದೆ, ಆದರೆ ಪರೀಕ್ಷೆಗೆ ತೆಗೆದುಕೊಳ್ಳುವುದು ಒಂದು ಹನಿ. ಹನಿ ಅಂದರೆ ಸುಮಾರು 0.05 ಮಿಲಿ, 100 ಮಿಲಿಯಲ್ಲಿ 2,000 ಹನಿ. ಅಷ್ಟು ನೀರಿನಲ್ಲಿ 20 ಇ. ಕೋಲಿ ಇದ್ದರೆ, ನೂರು ಹನಿಗೆ ಒಂದರಲ್ಲಿ ಮಾತ್ರ ಬ್ಯಾಕ್ಟೀರಿಯಾ ಸಿಗುತ್ತದೆ. ನೀವು ಯಾವುದೋ ಒಂದು ಹನಿ ತೆಗೆದರೆ ನೂರಕ್ಕೆ 99 ಸಲ ಆ ಹನಿ ಶುದ್ಧ. ಸೆನ್ಸರ್ ಸುಳ್ಳು ಹೇಳಲಿಲ್ಲ, ನಾವು ಕೇಳಿದ್ದು ತಪ್ಪು ಹನಿಯನ್ನು. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಸುಕಿದರೆ ಸಾಕು. ಅನ್ನದಲ್ಲಿ ಕಲ್ಲಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಲುವುದಿಲ್ಲ.

ಅದಕ್ಕೇ ಲ್ಯಾಬಿನಲ್ಲಿ 100 ಮಿಲಿ ನೀರನ್ನು ಪೂರ್ತಿ ತೆಗೆದುಕೊಂಡು, ಬ್ಯಾಕ್ಟೀರಿಯಾ ನುಸುಳಲಾಗದ ಸೂಕ್ಷ್ಮ ಹಾಳೆಯಲ್ಲಿ ಸೋಸುತ್ತಾರೆ, ಇಲ್ಲವೇ ಇಡೀ ನೀರನ್ನೇ ಬೆಚ್ಚಗಿಟ್ಟು ಒಂದು ಬ್ಯಾಕ್ಟೀರಿಯಾ ಕೋಟಿಯಾಗುವವರೆಗೆ ಕಾಯುತ್ತಾರೆ. 24 ಗಂಟೆ ಕಾಯುವುದು ಹಳೇ ಕಾಲದ ಆಲಸ್ಯವಲ್ಲ, ಕಣ್ಣಿಗೆ ಕಾಣುವಷ್ಟು ಬೆಳೆಯಲು ಬೇಕಾದ ಸಮಯ. ನ್ಯಾನೊ ಸೆನ್ಸರ್ ಈ ಕಾಯುವಿಕೆಯನ್ನು ಕಡಿಮೆ ಮಾಡಬಲ್ಲದು, ಆದರೆ ಸೋಸುವ, ಒಟ್ಟುಗೂಡಿಸುವ ಕೆಲಸವನ್ನು ಬಿಡಲಾಗದು. ಫಾರ್ವರ್ಡ್‌ಗಳಲ್ಲಿ ಮಾಯವಾಗುವುದು ಈ ಹಂತವೇ. ಸಂವಹನ ಓದಿ ಬಂದವರಾಗಿ ಒಪ್ಪಿಕೊಳ್ಳುತ್ತೇವೆ, ಇದರಲ್ಲಿ ವಾಟ್ಸಾಪ್ ಒಂದರದ್ದೇ ತಪ್ಪಿಲ್ಲ. ಸಂಶೋಧನೆಯ ಪತ್ರಿಕಾ ಹೇಳಿಕೆಗಳೂ, ಅವುಗಳ ಮೇಲೆ ಹಾಕುವ ತಲೆಬರಹಗಳೂ ಈ ಹಂತವನ್ನು ಮೊದಲೇ ನುಂಗಿರುತ್ತವೆ.

ಇನ್ನೊಂದು ಸಂಗತಿಯನ್ನೂ ಅವು ಬಿಡುತ್ತವೆ. ಇಂಥ ಹೆಚ್ಚಿನ ಪ್ರಯೋಗಗಳಲ್ಲಿ ಶುದ್ಧ ದ್ರಾವಣಕ್ಕೋ ಅಂಗಡಿಯ ಹಾಲಿಗೋ ಸಂಶೋಧಕರೇ ಎಣಿಸಿದ ಬ್ಯಾಕ್ಟೀರಿಯಾ ಬೆರೆಸಿ, ಸೆನ್ಸರ್ ಹಿಡಿಯುತ್ತದೆಯೇ ಎಂದು ನೋಡುತ್ತಾರೆ. ಆರಂಭದ ಪರೀಕ್ಷೆಗೆ ಅದು ಸರಿಯಾದ ಕ್ರಮವೇ. ಆದರೆ ಕೆರೆ ನೀರು ಅಷ್ಟು ಸಭ್ಯವಲ್ಲ. ಕೊಳೆತ ಎಲೆಯ ಅಂಶ ತಾನೇ ನೀಲಿಯಾಗಿ ಹೊಳೆದು ಲೆಕ್ಕ ತಪ್ಪಿಸುತ್ತದೆ. ಹಾಲಿನ, ರಕ್ತದ ಪ್ರೋಟೀನ್‌ಗಳು ಕಣಗಳಿಗೆ ಮೆತ್ತಿಕೊಂಡು ಕೊಕ್ಕೆಯನ್ನು ಮುಚ್ಚಿಬಿಡುತ್ತವೆ. ಪ್ರತಿಕಾಯಗಳನ್ನು ಫ್ರಿಜ್‌ನಲ್ಲಿ ಇಡಬೇಕು, ಮೇ ತಿಂಗಳ ರಾಯಚೂರಿನಲ್ಲಿ ಕರೆಂಟ್ ಹೋದರೆ ಅವುಗಳ ಗತಿ ಏನು? ಹಲವು ಕ್ವಾಂಟಮ್ ಡಾಟ್‌ಗಳಲ್ಲಿ ಕ್ಯಾಡ್ಮಿಯಂ ಎಂಬ ವಿಷಕಾರಿ ಲೋಹವಿದೆ. ಹಾಗಾಗಿ ಎರಡು ಹನಿ ನ್ಯಾನೊ ದ್ರವ ಹಾಕಿ, ಹೊಳೆಯದಿದ್ದರೆ ಕುಡಿಯಿರಿ ಎಂಬ ಸಲಹೆ ಎಲ್ಲಾದರೂ ಕಂಡರೆ ಅದನ್ನು ಯಾರಿಗೂ ಕಳಿಸಬೇಡಿ. ಪರೀಕ್ಷೆಗೆ ತೆಗೆದ ನೀರು ಚೆಲ್ಲುವುದಕ್ಕೆ, ಕುಡಿಯುವುದಕ್ಕಲ್ಲ.

ಸತ್ತದ್ದೂ ಹೊಳೆಯುತ್ತದೆ

ನಮಗೆ ಬಹಳ ಕುತೂಹಲ ಎನಿಸಿದ ಭಾಗ ಇದು. ನೀರನ್ನು ಕುದಿಸಿದಿರಿ ಅಥವಾ ಕ್ಲೋರಿನ್ ಹಾಕಿದಿರಿ, ಬ್ಯಾಕ್ಟೀರಿಯಾ ಸತ್ತವು. ಆದರೆ ಅವುಗಳ ಹೆಣ ಅಲ್ಲೇ ಇದೆ, ಹೊರಮೈ ಎಷ್ಟೋ ಸಲ ಗುರುತು ಸಿಗುವಷ್ಟು ಉಳಿದಿರುತ್ತದೆ. ಪ್ರತಿಕಾಯದ ಕೊಕ್ಕೆಗೆ ಜೀವ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ, ಅಂಟುತ್ತದೆ, ಹೊಳೆಯುತ್ತದೆ. ಕುಡಿಯಲು ಯೋಗ್ಯವಾದ ನೀರನ್ನೂ ಕೆಟ್ಟದ್ದೆಂದು ತೋರಿಸಿಬಿಡಬಹುದು. ಬೆಳೆಸಿ ನೋಡುವ ಹಳೆಯ ಪರೀಕ್ಷೆಯಲ್ಲಿ ಈ ಗೊಂದಲವಿಲ್ಲ, ಸತ್ತದ್ದು ಬೆಳೆಯುವುದಿಲ್ಲ.

ಹಾಗೆಂದು ಹಳೆಯದೇ ಸದಾ ಗೆಲ್ಲುತ್ತದೆ ಎನ್ನುವಂತಿಲ್ಲ. 1982ರಲ್ಲಿ ಅಮೆರಿಕದ ವಿಜ್ಞಾನಿ ರೀಟಾ ಕೋಲ್ವೆಲ್ ಮತ್ತು ಸಹೋದ್ಯೋಗಿಗಳು ತೋರಿಸಿದ್ದು ಇದರ ತದ್ವಿರುದ್ಧ ಸಂಗತಿ. ಕಾಲರಾ ಬ್ಯಾಕ್ಟೀರಿಯಾ ಕಷ್ಟದ ಸಮಯದಲ್ಲಿ ಒಂದು ಬಗೆಯ ನಿದ್ದೆಗೆ ಜಾರುತ್ತದೆ. ಜೀವಂತವಾಗಿಯೇ ಇರುತ್ತದೆ, ಆದರೆ ಲ್ಯಾಬಿನ ತಟ್ಟೆಯಲ್ಲಿ ಬೆಳೆಯುವುದಿಲ್ಲ. ಬೆಳೆಸಿ ನೋಡುವವರಿಗೆ ನೀರು ಶುದ್ಧವೆಂದು ಕಾಣುತ್ತದೆ. ಅಂಥ ಬ್ಯಾಕ್ಟೀರಿಯಾವನ್ನು ಸೂಕ್ಷ್ಮದರ್ಶಕದಡಿ ತೋರಿಸಿಕೊಟ್ಟದ್ದು ಹೊಳೆಯುವ ಬಣ್ಣ ಕಟ್ಟಿದ ಪ್ರತಿಕಾಯಗಳು, ಇಂದಿನ ನ್ಯಾನೊ ಸೆನ್ಸರ್‌ಗಳ ಅಜ್ಜಂದಿರು ಎನ್ನಬಹುದು. ಹೊಳಪಿನ ಪರೀಕ್ಷೆ ಇಲ್ಲದಿದ್ದರೆ ಅವು ಕಣ್ಣಿಗೆ ಬೀಳುವುದು ಕಷ್ಟವಿತ್ತು. ಆದ್ದರಿಂದ ಎರಡೂ ಪರೀಕ್ಷೆ ಎರಡು ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತವೆ. ಒಂದು, ಈಗ ಬೆಳೆಯುವಂಥದ್ದು ಏನಿದೆ? ಇನ್ನೊಂದು, ಈ ಗುರುತಿನವರು ಯಾರಾದರೂ ಇಲ್ಲಿದ್ದಾರೆಯೇ?

ಹಾಗಾದರೆ ಇದರಿಂದ ಉಪಯೋಗವೇ ಇಲ್ಲವೇ?

ಇದೆ, ಲೋಟದ ನೀರಿಗಿಂತ ಬೇರೆ ಕಡೆ. ಉದಾಹರಣೆಗೆ ಮೂತ್ರದ ಸೋಂಕು. ಉರಿಮೂತ್ರ ಎಂದು ಹೋದವರಿಗೆ ಮೂತ್ರದ ಕಲ್ಚರ್ ವರದಿ ಬರಲು ಒಂದೆರಡು ದಿನ ಬೇಕು, ಅಷ್ಟರಲ್ಲಿ ವೈದ್ಯರು ಅಂದಾಜಿನ ಮೇಲೆ ಆ್ಯಂಟಿಬಯಾಟಿಕ್ ಬರೆದಾಗಿರುತ್ತದೆ. ಅಂದಾಜು ತಪ್ಪಿದರೆ ಬೇಡದ ಔಷಧಿ ಹೊಟ್ಟೆಗೆ ಹೋಗುತ್ತದೆ, ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಗೆ ಇನ್ನಷ್ಟು ದಾರಿಯಾಗುತ್ತದೆ. ಮೂತ್ರದ ಸೋಂಕು ಎಂದು ಸಾಂಪ್ರದಾಯಿಕವಾಗಿ ಗುರುತಿಸುವ ಮಟ್ಟ ಒಂದು ಮಿಲಿಗೆ 1 ಲಕ್ಷ ಬ್ಯಾಕ್ಟೀರಿಯಾ. ಒಂದೇ ಹನಿಯಲ್ಲಿ 5,000! ನೀರಿನ ಲೋಟದಲ್ಲಿ ಸೋತ ಅದೇ ಸೆನ್ಸರ್‌ಗೆ ಇಲ್ಲಿ ಹನಿಯೊಂದು ಧಾರಾಳವಾಗಿ ಸಾಕು. ಯಾವ ಗುಂಪಿನ ಬ್ಯಾಕ್ಟೀರಿಯಾ ಎಂಬುದು ಅರ್ಧ ಗಂಟೆಯಲ್ಲಿ ತಿಳಿದರೆ ಔಷಧಿಯ ಆಯ್ಕೆ ಅಷ್ಟರಮಟ್ಟಿಗೆ ಸುಧಾರಿಸುತ್ತದೆ. ಯಾವ ಔಷಧಿಗೆ ಅದು ಬಗ್ಗುತ್ತದೆ ಎಂದು ತಿಳಿಯಲು ಆಗಲೂ ಬೇರೆ ಪರೀಕ್ಷೆ ಬೇಕು, ಅದು ಬೇರೆ ಮಾತು.

ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಹೊಳಪಿನ ಅಗ್ಗದ ಸೆನ್ಸರ್‌ಗಳ ಕೆಲಸ ನಡೆದಿದೆ. ಉದಯ್ ಮೈತ್ರಾ ಅವರ ತಂಡ ಟರ್ಬಿಯಂ ಎಂಬ ಅಪರೂಪದ ಲೋಹದ ಹಸಿರು ಹೊಳಪನ್ನು ಬಳಸಿ, ಕಾಗದದ ಬಿಲ್ಲೆಯ ಮೇಲೆ ಒಂದು ಕಿಣ್ವವನ್ನು ಪತ್ತೆ ಮಾಡುವ ವಿಧಾನ ರೂಪಿಸಿತು. ಅವರ ಗುರಿ ಯಕೃತ್ತಿನ ಕ್ಯಾನ್ಸರ್‌ನ ಸೂಚನೆ, ಬ್ಯಾಕ್ಟೀರಿಯಾ ಅಲ್ಲ. ಆದರೆ ಆ ಕಿಣ್ವದ ಹೆಸರು ಬೀಟಾ-ಗ್ಲುಕುರೊನಿಡೇಸ್. ಮೇಲೆ ಹೇಳಿದ ನೀರಿನ ಪರೀಕ್ಷೆಯಲ್ಲಿ ನೀಲಿ ಹೊಳಪು ತರುವ ಇ. ಕೋಲಿಯ ಕಿಣ್ವದ ಹೆಸರೂ ಅದೇ!

ಮುಂದಿನ ಸಲ ಇಂಥ ವಿಡಿಯೋ ಬಂದಾಗ ಕಳಿಸುವ ಬಟನ್ ಒತ್ತುವ ಮೊದಲು ಎರಡು ಮಾತು ಕೇಳಿಕೊಳ್ಳಿ. ಯಾವ ಬ್ಯಾಕ್ಟೀರಿಯಾ ಎಂದು ಹೇಳಿದ್ದಾರೆಯೇ? ಎಷ್ಟು ನೀರು ತೆಗೆದುಕೊಂಡು ನೋಡಿದರು, ಹನಿಯೋ ನೂರು ಮಿಲಿಯೋ? ಇವೆರಡಕ್ಕೆ ಉತ್ತರ ಇಲ್ಲದ ವಿಡಿಯೋ ಎಷ್ಟೇ ಹೊಳೆದರೂ ನಿಮ್ಮ ಮನೆಯ ನೀರಿನ ಬಗ್ಗೆ ಏನೂ ಹೇಳುತ್ತಿಲ್ಲ.

ದೊಡ್ಡಮ್ಮನಿಗೆ ನಾವು ಹೇಳಿದ್ದು

ಕಾಯಿಸುವುದನ್ನು ಬಿಡಬೇಡಿ ಎಂದೆವು. ನೀರು ತಳದಿಂದ ಮೇಲಕ್ಕೆ ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಬಿಟ್ಟರೆ ಸಾಕು, ಆರಿದ ಮೇಲೆ ಅದೇ ಪಾತ್ರೆಯಲ್ಲಿ ಮುಚ್ಚಿಡಬೇಕು, ಕೈ ಅದ್ದಬಾರದು. ಬ್ಯಾಕ್ಟೀರಿಯಾಕ್ಕೆ ಇದು ಸಾಕು. ಫ್ಲೋರೈಡ್, ನೈಟ್ರೇಟ್ ಇದ್ದರೆ ಕುದಿಸುವುದರಿಂದ ಹೋಗುವುದಿಲ್ಲ, ಅದಕ್ಕೆ ಬೇರೆ ಪರೀಕ್ಷೆ, ಬೇರೆ ಉಪಾಯ.

ಜೊತೆಗೆ, ಪಂಚಾಯಿತಿಯಲ್ಲಿ ನೀರು ಪರೀಕ್ಷೆಯ ಕಿಟ್ ಇದೆಯೇ ಎಂದು ಕೇಳಿ ಎಂದೆವು. ಜಲ ಜೀವನ್ ಮಿಷನ್ ಅಡಿ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ಇಂಥ ಕಿಟ್ ಬಳಸುವ ತರಬೇತಿ ಕೊಡುವ ಕಾರ್ಯಕ್ರಮವಿದೆ. ಅದರಲ್ಲಿ ಎಚ್‌2ಎಸ್ ಬಾಟಲಿ ಎಂಬ ಪುಟ್ಟ ಸೀಸೆ ಇರುತ್ತದೆ. ಭಾರತದಲ್ಲೇ ರೂಪಿಸಿ 1982ರಲ್ಲಿ ಪ್ರಕಟವಾದ ವಿಧಾನ ಅದು. ಗುರುತಿನವರೆಗೆ ನೀರು ತುಂಬಿಸಿ, ಮುಚ್ಚಿ, ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಡುವುದು. ಮಲದಿಂದ ಬರುವ ಬ್ಯಾಕ್ಟೀರಿಯಾಗಳ ಜೊತೆ ಇರುವಂಥವು ನೀರಿನಲ್ಲಿದ್ದರೆ ಹೈಡ್ರೊಜನ್ ಸಲ್ಫೈಡ್ ತಯಾರಾಗಿ ನೀರು ಕಪ್ಪಗಾಗುತ್ತದೆ. ಕಪ್ಪಾದರೆ ಸಂಶಯ, ಖಚಿತಪಡಿಸಿಕೊಳ್ಳಲು ಜಿಲ್ಲೆಯ ನೀರಿನ ಲ್ಯಾಬಿಗೆ ಕಳಿಸಬೇಕು. ಸಾರ್ವಜನಿಕರೂ ಅಲ್ಪ ಶುಲ್ಕ ಕೊಟ್ಟು ಅಲ್ಲಿ ಪರೀಕ್ಷೆ ಮಾಡಿಸಬಹುದು. ಇದರಲ್ಲಿ ನ್ಯಾನೊ ಇಲ್ಲ, ಹೊಳಪಿಲ್ಲ, ವಿಡಿಯೋ ಮಾಡಿದರೆ ಯಾರೂ ನೋಡುವುದೂ ಇಲ್ಲ.

ದೊಡ್ಡಮ್ಮ ಬಾಟಲಿ ತರಿಸಿ ಸಂಪಿನ ನೀರು ತುಂಬಿಸಿಟ್ಟರು. ಎರಡನೇ ದಿನ ಬೆಳಿಗ್ಗೆ ನೋಡಿದರೆ ನೀರು ಕಪ್ಪು. ಸಂಪನ್ನು ಖಾಲಿ ಮಾಡಿಸಿದಾಗ ಬಚ್ಚಲ ಕಡೆಯ ಗೋಡೆಯಲ್ಲಿ ಬಿರುಕು ಸಿಕ್ಕಿತು. ಗಾರೆ ಹಾಕಿಸಿ, ತೊಳೆಸಿ, ಕ್ಲೋರಿನ್ ಹಾಕಿಸಿ, ಈಗ ಲ್ಯಾಬಿಗೂ ಒಂದು ಬಾಟಲಿ ಕಳಿಸಿದ್ದಾರೆ. ವರದಿ ಬರುವವರೆಗೆ ಒಲೆಯ ಮೇಲೆ ನೀರು ಕುದಿಯುತ್ತಿದೆ. ಟಾರ್ಚ್ ಅವರ ಮಗನ ಅಂಗಡಿಯ ಗಲ್ಲಾಪೆಟ್ಟಿಗೆ ಸೇರಿದೆ, ಐನೂರರ ನೋಟು ಬಂದಾಗ ತೆಗೆಯುತ್ತಾರಂತೆ.